ಎರಡು ಕಾಲೇಜು, ಎರಡು ಹಾಳೆ

"ನನ್ನ ಹಾಳೆ ನೋಡಬ್ಯಾಡ್ರಿ. ನಿಮ್ಮ ಕಣ್ಣಿಗೆ ಕಂಡಿದ್ದನ್ನ ನೀವು ಬರೀರಿ."

ಜಗಳೂರಿನ ಕುರುಚಲು ಕಾಡಿಗೆ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಹುಲ್ಲೆಗಳನ್ನು ಎಣಿಸಲು ಬಂದ ಮೊದಲ ಬೆಳಿಗ್ಗೆಯೇ ರುದ್ರಾಣಿ ಹೀಗೆ ಬೈಸಿಕೊಂಡಳು. ಬೈದವನು ತಂಡದ ಮುಖ್ಯಸ್ಥ ಹಾಲಸ್ವಾಮಿ. ಇಬ್ಬರೂ ಒಂದೇ ದಾರಿಯಲ್ಲಿ ನಡೆಯಬೇಕು, ಬೇರೆಬೇರೆಯಾಗಿ ಬರೆಯಬೇಕು, ಕೊನೆಗೆ ಹೋಲಿಸಬೇಕು. ಇಲ್ಲದಿದ್ದರೆ ಒಬ್ಬರ ಆಸೆ ಇನ್ನೊಬ್ಬರ ಲೆಕ್ಕಕ್ಕೆ ಅಂಟುತ್ತದೆ ಎಂಬುದು ಅವನ ವಾದ.

'ಎಂಥಾ ಒರಟ ಮನುಷ್ಯ...' ಅಂದುಕೊಂಡಳು. ಬೈದುಕೊಂಡಷ್ಟೂ ಅವನನ್ನೇ ನೋಡುತ್ತಿದ್ದಳು ಅನ್ನೋದು ಬೇರೆ ಮಾತು!

ಮೂರು ತಿಂಗಳಲ್ಲಿ ಎಣಿಕೆ ಮುಗಿಯಿತು. ಅವನಿಲ್ಲದ ದಿನ ಅವಳಿಗೆ ಊಟವೂ ಸೇರದಂತಾಯಿತು.

ಅಷ್ಟರಲ್ಲಿ ಎಕಾಲಜಿ ಎಂ.ಎಸ್ಸಿ.ಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ಹತ್ತಿರದ್ದು. ಗೋವಿನಕೋವಿಯ ತನ್ನ ಮನೆಯಿಂದಲೇ ಹೋಗಿಬರಬಹುದು, ಫೀಸು ಕಡಿಮೆ, ಆದರೆ ಎರಡು ವರ್ಷವೂ ಬರೀ ಪುಸ್ತಕ. ಇನ್ನೊಂದು ದೂರದ ಉತ್ತರಾಖಂಡದಲ್ಲಿ. ಫೀಸು ನಾಲ್ಕು ಪಟ್ಟು, ಅರ್ಧಕ್ಕೆ ಸ್ಕಾಲರ್‌ಶಿಪ್, ಒಂದಿಡೀ ವರ್ಷ ಕಾಡಿನಲ್ಲೇ ಕೆಲಸ. ಅಪ್ಪ ಜಯದೇವಪ್ಪ ಎರಡಕ್ಕೂ ಹೂಂ ಅಂದು ತೀರ್ಮಾನ ಮಗಳಿಗೇ ಬಿಟ್ಟರು.

ರುದ್ರಾಣಿ ಹಾಲಸ್ವಾಮಿಯನ್ನು ಕೇಳಿದಳು. ಪುಣ್ಯಾತ್ಮ ಇಲ್ಲೂ ತನ್ನ ಪದ್ಧತಿ ಬಿಡಲಿಲ್ಲ. ಯಾವ ಕಾಲೇಜು, ಯಾಕೆ ಅಂತ ಇಬ್ಬರೂ ಬೇರೆಬೇರೆ ಬರೆದು, ಭಾನುವಾರ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಹೋಲಿಸೋಣ ಅಂದ.

'ಹೋಗಬ್ಯಾಡ ಅಂತ ಒಂದು ಮಾತು ಬರೆದಿದ್ದರೆ ಸಾಕು...' ವಾರವಿಡೀ ಅವಳಿಗೆ ಅದೊಂದೇ ಹಂಬಲ. ಅವಳ ಹಾಳೆಯಲ್ಲಿ ಹತ್ತಿರದ ಕಾಲೇಜೇ ಗೆದ್ದಿತ್ತು. ಕಾರಣ ಎಂಬಲ್ಲಿ 'ಬಸ್ ಅನುಕೂಲ' ಅಂತ ಬರೆದಿದ್ದಳು.

ಭಾನುವಾರ ಅವನ ಹಾಳೆ ಬಿಚ್ಚಿದಳು. ಫೀಸು, ಹಾಸ್ಟೆಲ್, ರೈಲು ಚಾರ್ಜು, ಕಲಿತವರಿಗೆ ಸಿಕ್ಕ ಕೆಲಸ, ಎಲ್ಲವನ್ನೂ ತೂಗಿ ಕೊನೆಯಲ್ಲಿ ಬರೆದಿದ್ದ: 'ದೂರದ್ದೇ ಸರಿ.'

ಅವಳು ಹಾಳೆಯನ್ನು ಬೆಂಚಿನ ಮೇಲೆ ಇಟ್ಟುಬಿಟ್ಟಳು.

"ನನ್ನ ಕಳಿಸಾಕೆ ಇಷ್ಟು ಅವಸರ ಐತೇನ್ರಿ ನಿಮಗೆ?"

ಹಾಲಸ್ವಾಮಿ ಅವಳ ಹಾಳೆಯಿಂದ ತಲೆ ಎತ್ತಿದ. ಎರಡು ಬಸ್ ಬದಲಿಸಬೇಕು, ಅದೆಂಥ ಅನುಕೂಲ ಎಂದು ಮೆಲ್ಲಗೆ ಕೇಳಿದ. ಅವಳ ಕಣ್ಣು ತುಂಬಿ ಬಂತು.

"ಬಸ್ಸಲ್ಲ. ನೀವು ಇಲ್ಲೇ ಅದೀರಲ್ಲ... ಅದಕ್ಕೆ."

ಅವನು ಅವಳ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ.

"ನನ್ನ ಆಸೆ ಸೇರಿಸಿದ್ರೆ ಹತ್ತಿರದ್ದೇ ಗೆಲ್ತಿತ್ತು ರುದ್ರಾಣಿ. ಮೂರು ಸಲ ಹಂಗೇ ಬರೆದು ಹರಿದು ಹಾಕೀನಿ. ನೀವು ಹೋದ್ಮ್ಯಾಲೆ ನಾನು ಹೆಂಗಿರ್ತೀನೋ ಗೊತ್ತಿಲ್ಲ. ಆದ್ರೆ ನನ್ನ ಸಲುವಾಗಿ ನೀವು ಕಡಿಮೆ ಕಲಿತ್ರೆ, ನಿಮ್ಮ ಮುಖ ನೋಡಾಕೆ ನನಗೆ ಆಗಲ್ಲ."

ಅವಳೂರಿಗೆ ಹೋಗುವ ನ್ಯಾಮತಿ ಬಸ್ ಬಂದು ನಿಂತು, ಹಾರ್ನ್ ಹೊಡೆದು ಹೋಯಿತು. ಅವಳು ಏಳಲಿಲ್ಲ. ಇಷ್ಟು ದಿನ ಕಾದ ಮಾತು ಸಿಕ್ಕಿತ್ತು, ಸಿಕ್ಕ ಕೂಡಲೇ ಎರಡು ವರ್ಷ ಬಿಟ್ಟು ಹೋಗಬೇಕಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ದೂರದ್ದಕ್ಕೇ ಹೋಗ್ತೀನಿ. ಅದಕ್ಕೂ ಮುಂಚೆ ಮನಿಗೆ ಬಂದು ಅಪ್ಪನ ಹತ್ರ ಮಾತಾಡ್ರಿ."

"ಏನಂತ ಹೇಳ್ಲಿ?"

"ಎರಡು ವರ್ಷ ಕಾಯ್ತೀನಿ ಅಂತ ಹೇಳ್ರಿ ಸಾಕು. ಉಳಿದಿದ್ದನ್ನ ನಾನು ಅಪ್ಪನಿಗೆ ಹೋದ ವಾರವೇ ಹೇಳೀನಿ."