ಅನ್ನಪೂರ್ಣಾಳ ಬಗ್ಗೆ ಎರಡು ಮಾತು

ಲ್ಯಾಬಿನ ಬಾಗಿಲಲ್ಲಿ ನಿಂತು ಅನ್ನಪೂರ್ಣಾ ನಕ್ಕಳು. ಆ ನಗು ಕಂಡ ಕೂಡಲೇ ಸಿದ್ಧಾರೂಢನಿಗೆ ಎದ್ದು ಹಿಂದಿನ ಕೋಣೆಗೆ ಹೋಗಿಬಿಡಬೇಕೆನಿಸಿತು.

"ಧಾರವಾಡದ ಕಂಪನ್ಯಾವ್ರು ಇಲ್ಲಂದ್ರರಿ ಸರ್. ಇಂಟರ್‌ವ್ಯೂ ಛಲೋ ಆಗಿತ್ತು. ಎಲ್ಲಿ ತಪ್ಪಾತೋ ಗೊತ್ತಿಲ್ಲ," ಎಂದಳು. ಆಮೇಲೆ ಅವನಿಗೇ ಸಮಾಧಾನ ಹೇಳುವಂತೆ, "ನೀವಂತೂ ನನ್ನ ಬಗ್ಗೆ ಛಲೋನ ಹೇಳಿರ್ತೀರಿ, ಬಿಡ್ರಿ," ಎಂದಳು.

ಎಲ್ಲಿ ತಪ್ಪಾಯಿತೆಂದು ಅವನಿಗೆ ಗೊತ್ತಿತ್ತು.

ಬೈಲಹೊಂಗಲದ ಆ ಖಾಸಗಿ ಮಣ್ಣು ಪರೀಕ್ಷೆಯ ಲ್ಯಾಬಿಗೆ ಸಿದ್ಧಾರೂಢನೇ ಇನ್‌ಚಾರ್ಜ್. ಹೂಲಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅನ್ನಪೂರ್ಣಾ ಎರಡು ವರ್ಷ ಅವನ ಎದುರಿನ ಟೇಬಲ್ಲಿನಲ್ಲಿ ಕೆಲಸ ಮಾಡಿದ್ದಳು. ಗಾಜಿನ ಕೊಳವೆಯಿಂದ ಹನಿ ಬೀಳುವಾಗ ಉಸಿರು ಹಿಡಿಯುವಳು. ದ್ರಾವಣದ ಬಣ್ಣ ತಿರುಗಿದ ಕ್ಷಣ ಹುಬ್ಬೆತ್ತಿ ಅವನ ಕಡೆ ನೋಡುವಳು. ಆ ಒಂದು ನೋಟಕ್ಕಾಗಿ ಅವನು ಇಡೀ ದಿನ ಕಾಯುತ್ತಿದ್ದ. ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಮಾರ್ಚ್‌ನಲ್ಲಿ ಮಾಲೀಕರು ಇಬ್ಬರನ್ನು ತೆಗೆದರು. ಅವರಲ್ಲಿ ಒಬ್ಬಳು ಅನ್ನಪೂರ್ಣಾ. ಧಾರವಾಡದ ಬಿಸ್ಕತ್ ಕಂಪನಿಯ ಲ್ಯಾಬಿಗೆ ಅರ್ಜಿ ಹಾಕುವಾಗ ರೆಫರೆನ್ಸ್ ಎಂದಿದ್ದ ಕಡೆ ಅವಳು ಬರೆದದ್ದು ಸಿದ್ಧಾರೂಢನ ಹೆಸರು.

ಜೂನ್ ತಿಂಗಳ ಒಂದು ಮಧ್ಯಾಹ್ನ ಕಂಪನಿಯಿಂದ ಹೆಣ್ಣುಮಗಳೊಬ್ಬಳು ಫೋನ್ ಮಾಡಿದ್ದಳು. "ಅನ್ನಪೂರ್ಣಾ ಅವರ ಬಗ್ಗೆ ಎರಡು ಮಾತು ಹೇಳಿ ಸರ್."

"ಕೆಲಸದಾಗ ಭಾಳ ಹುಷಾರ್ ಅದಾರ್ರಿ," ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಎದುರಿನ ಖಾಲಿ ಟೇಬಲ್ ಕಣ್ಣಿಗೆ ಬಿತ್ತು. ಅವಳು ಇನ್ನು ಧಾರವಾಡದಲ್ಲೇ ರೂಮ್ ಮಾಡಿಕೊಂಡು ಇದ್ದುಬಿಡುತ್ತಾಳೆ ಎನಿಸಿತು. "ಆದ್ರ ಮನ್ಯಾಗ ವರಾ ನೋಡಾಕ ಹತ್ಯಾರ. ಎಷ್ಟ ದಿನಾ ಇರ್ತಾರೋ ಹೇಳಾಕ ಬರೂದಿಲ್ರಿ."

ಹೂಲಿಯಲ್ಲಿ ಯಾರೂ ವರ ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದವನು ಇವನೊಬ್ಬನೇ.

ಈಗ ಅವಳು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನಿಜ ಹೇಳಬೇಕೆಂದು ಬಾಯಿ ತೆರೆದವನು ಬೇರೆ ಮಾತಾಡಿದ. "ಶನಿವಾರ ಅರ್ಧಾ ದಿನಾ ರಜಾ ಇರ್ತೈತಿ. ಬರ್ರಿ. ನಿಮ್ಮ ರೆಸ್ಯೂಮೆ ಹೊಸದಾಗಿ ಬರೆಯೂಣು."

ಅವಳು ಬಂದಳು. ಆಮೇಲೆ ಪ್ರತಿ ಶನಿವಾರ ಬಂದಳು.

"ಇದೇನ್ರಿ, ಎತ್ತರ, ಬಣ್ಣ, ಕುಲದೇವ್ರು? ಇದು ಬೀಗರಿಗೆ ಕಳಸೂ ಹಾಳಿ," ಎಂದು ಅವಳ ಬಯೋಡಾಟಾ ತೋರಿಸಿ ನಗಿಸಿದ. "ಎರಡು ವರ್ಷದಾಗ ಎಷ್ಟು ಮಣ್ಣು ಟೆಸ್ಟ್ ಮಾಡೀರಿ?"

"ಯಾರ ಎಣಿಸ್ಯಾರ್ರಿ?"

ಇಬ್ಬರೂ ರಿಜಿಸ್ಟರ್ ತೆಗೆದು ಕೂತರು. ನಾಲ್ಕು ಸಾವಿರದ ಮೇಲಾಗಿತ್ತು. ಅವಳು ಕಣ್ಣರಳಿಸಿ ತನ್ನ ಕೈಗಳನ್ನೇ ನೋಡಿಕೊಂಡಳು.

"ಇದನ್ನ ಎಲ್ಲಾಕ್ಕಿಂತ ಮ್ಯಾಲ ಬರೀರಿ. ಒಂದ ಹಾಳಿ ಇಪ್ಪತ್ತು ಕಡೆ ಕಳಸಬ್ಯಾಡ್ರಿ. ಅವ್ರಿಗೆ ಏನ್ ಬೇಕಾಗೇತಿ ನೋಡಿ, ಅದಕ್ಕ ತಕ್ಕಂಗ ತಿದ್ದಿ ಕಳಸ್ರಿ. ಜಾಹೀರಾತು ಬರೂದ್ರಾಗ ನೂರು ಮಂದಿ ನಿಂತಿರ್ತಾರ. ಸಕ್ಕರಿ ಕಾರ್ಖಾನಿ ಹಂಗಾಮು ಸುರು ಆಗೂ ಮೊದಲ ಹೋಗ್ರಿ. ಗೇಟಿನಾಗ ನಿಲ್ರಿ. ಚೀಫ್ ಕೆಮಿಸ್ಟ್ ಹೆಸರು ಕೇಳಿ ತಿಳ್ಕೊಂಡು ಹೋಗ್ರಿ."

"ಇಷ್ಟೆಲ್ಲಾ ಯಾಕ ಮಾಡ್ತೀರಿ ಸರ್ ನನಗ?" ಓರೆಗಣ್ಣಿನಲ್ಲಿ ನೋಡುತ್ತ ಕೇಳಿದಳು. ಕೆನ್ನೆಯ ಮೇಲೆ ತುಂಟತನವಿತ್ತು, ಇನ್ನೇನೋ ಇತ್ತು. ಬೇರೆ ಯಾವಾಗಲಾದರೂ ಆ ನೋಟಕ್ಕೆ ಅವನು ಹುಚ್ಚನಾಗುತ್ತಿದ್ದ. ಈಗ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುವುತ್ತ ಕೂತ. ಅವಳು ಅದನ್ನು ನಾಚಿಕೆ ಎಂದುಕೊಂಡಳು.

ಸೆಪ್ಟೆಂಬರಿನ ಒಂದು ಶನಿವಾರ ಅವಳು ನಗಲಿಲ್ಲ.

"ಲಗೂ ಏನರ ಸಿಗಬೇಕ್ರಿ. ಕೆಲಸ ಇಲ್ಲಂದ್ಮ್ಯಾಲ ಅವ್ವ ಈಗ ವರಾ ನೋಡಾಕ ಹತ್ಯಾಳ. ರಾಮದುರ್ಗದಾವ್ರು ಬಂದು ನೋಡಿ ಹೋದ್ರು. ದೀಪಾವಳಿಗೆ ಮಾತು ಮುಗಸೂಣು ಅನ್ನಾಕ ಹತ್ಯಾರ."

ಸಿದ್ಧಾರೂಢ ಹೇಳಿದ ಸುಳ್ಳು ಅವಳ ಮನೆಗೆ ನಡೆದು ಹೋಗಿ ನಿಜವಾಗಿತ್ತು.

"ಮೊದಲ ಇಂಟರ್‌ವ್ಯೂ ಪ್ರಾಕ್ಟೀಸ್ ಮಾಡೂಣು," ಎಂದು ಇಂಟರ್‌ನೆಟ್ಟಿನಿಂದ ತೆಗೆದ ಪ್ರಶ್ನೆಗಳ ಹಾಳೆ ಕೈಗೆತ್ತಿಕೊಂಡ. ಒಂದು, ಎರಡು, ಮೂರು ಕೇಳಿದ. ನಾಲ್ಕನೆಯದನ್ನು ಯೋಚಿಸದೆಯೇ ಓದಿಬಿಟ್ಟ. "ಮದುವಿ ಆದ್ಮ್ಯಾಲ ಕೆಲಸಾ ಬಿಡ್ತೀರೇನು?"

"ಹಿಂಗೂ ಕೇಳ್ತಾರೇನ್ರಿ? ಇದಕ್ಕ ಏನ್ ಹೇಳ್ಬೇಕು? ನೀವಾ ಕಲಸ್ರಿ."

ಅವನು ಹಾಳೆ ಕೆಳಗಿಟ್ಟ.

"ಅನ್ನಪೂರ್ಣಾ, ಧಾರವಾಡದ ಕೆಲಸ ಹೋಗಿದ್ದು ನನ್ನಿಂದ."

ಎಲ್ಲವನ್ನೂ ಹೇಳಿದ. ಫೋನ್ ಬಂದದ್ದು, ತಾನು ಆಡಿದ ಮಾತು, ಒಂದಕ್ಷರ ಬಿಡದೆ. ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು.

"ಯಾಕ?"

"ನೀವು ದೂರ ಹೋಗ್ತೀರಂತ. ನನಗ ನೀವಂದ್ರ..."

"ಅದನ್ನ ನನಗ ಹೇಳೂದಿತ್ತು," ಎಂದಳು. "ಅವ್ರಿಗೆ ಹೇಳಿದ್ರಿ."

ಟೇಬಲ್ಲಿನ ಮೇಲಿದ್ದ ಅವನ ಫೋನನ್ನು ಅವನ ಕಡೆ ದೂಡಿದಳು.

"ಫೋನ್ ಹಚ್ರಿ. ಈಗ. ನನ್ನ ಮುಂದ."

ಅವನು ಹಚ್ಚಿದ. ಸ್ಪೀಕರ್ ಆನ್ ಮಾಡಿ ಎಂದು ಅವಳು ಕಣ್ಣಲ್ಲೇ ಹೇಳಿದಳು.

"ಮೇಡಂ, ಜೂನ್‌ದಾಗ ಅನ್ನಪೂರ್ಣಾ ಅವರ ಬಗ್ಗೆ ಕೇಳಿದ್ರಲ್ರಿ, ನಾ ಅವತ್ತು ಸುಳ್ಳು ಹೇಳಿದ್ದೆ. ಅವರ ಮನ್ಯಾಗ ಯಾರೂ ವರಾ ನೋಡಾಕ ಹತ್ತಿರಲಿಲ್ಲ."

ಆ ಕಡೆಯಿಂದ ಪ್ರಶ್ನೆ ಬಂತು. "ಯಾಕೆ ಸರ್ ಹಾಗೆ ಹೇಳಿದಿರಿ?"

ಅವನು ಅನ್ನಪೂರ್ಣಾಳನ್ನು ನೋಡಿದ. ಅವಳು ದೃಷ್ಟಿ ಕೀಳಲಿಲ್ಲ. "ನನ್ನ ಸ್ವಾರ್ಥಕ್ಕರಿ."

"ಆ ಜಾಗಕ್ಕೆ ಬೇರೆಯವರು ಸೇರಿ ಎರಡು ತಿಂಗಳಾಯಿತು ಸರ್. ಈಗ ನಾನೇನೂ ಮಾಡೋ ಹಾಗಿಲ್ಲ."

ಅನ್ನಪೂರ್ಣಾ ಫೈಲ್ ಎತ್ತಿಕೊಂಡು ಎದ್ದಳು. ಹೊಸ್ತಿಲಿನ ಹತ್ತಿರ ನಿಂತು, ತಿರುಗದೆಯೇ, "ನಮ್ಮವ್ವ ಆ ಕೆಲಸ ಸಿಗತೈತಂತ ಓಣಿ ತುಂಬ ಹೇಳಿದ್ಲು. ಈಗ ಯಾರರ ಕೇಳಿದ್ರ ಅಕಿ ಒಳಗ ಹೋಗಿ ಕುಂದರ್ತಾಳ," ಎಂದು ಹೇಳಿ ಹೋದಳು.

ಮುಂದಿನ ಶನಿವಾರ ಅವಳು ಬರಲಿಲ್ಲ. ಎಲ್ಲಾದರೂ ಕೆಲಸ ಖಾಲಿ ಇದೆಯೆಂದು ಗೊತ್ತಾದಾಗ ಅವನು ಸುಮ್ಮನೆ ವಾಟ್ಸ್ಆ್ಯಪ್ ಮಾಡುತ್ತಿದ್ದ. ಕ್ಷಮಿಸಿ ಎಂದು ಒಮ್ಮೆಯೂ ಬರೆಯಲಿಲ್ಲ. ಬರೆದರೆ ಅವಳ ಮೇಲೆ ಇನ್ನೊಂದು ಭಾರ ಹೊರಿಸಿದಂತೆ ಎನಿಸುತ್ತಿತ್ತು. ಎರಡು ನೀಲಿ ಗೆರೆ ಮೂಡುತ್ತಿದ್ದವು, ಉತ್ತರ ಬರುತ್ತಿರಲಿಲ್ಲ. ಎದುರಿನ ಟೇಬಲ್ಲಿನ ಕಡೆ ನೋಡುವುದನ್ನೂ ಅವನು ಬಿಟ್ಟ.

ದೀಪಾವಳಿಗೆ ಇನ್ನೂ ಹತ್ತು ದಿನವಿತ್ತು. ಫೋನಿನಲ್ಲಿ ಅವಳ ಹೆಸರು ಮೂಡಿತು.

"ನಾಳೆ ಕಿತ್ತೂರಿಗೆ ಬರ್ರಿ. ಬಸ್ ಸ್ಟ್ಯಾಂಡಿಗೆ, ಮೂರು ಗಂಟೆಕ್ಕ."

ಅವನು ಎರಡಕ್ಕೇ ಹೋಗಿ ನಿಂತ. ಎಂ.ಕೆ. ಹುಬ್ಬಳ್ಳಿ ಕಡೆಯ ಬಸ್ಸಿನಿಂದ ಅವಳು ಇಳಿದಳು. ಮುಖ ಬಿಸಿಲಿಗೆ ಕೆಂಪಾಗಿತ್ತು.

"ಕೆಲಸ ಸಿಕ್ತು," ಎಂದಳು. "ಎಂ.ಕೆ. ಹುಬ್ಬಳ್ಳಿ ಸಕ್ಕರಿ ಕಾರ್ಖಾನಿ ಲ್ಯಾಬ್. ಜಾಹೀರಾತು ಇರಲಿಲ್ಲ. ನಾಕು ಸಲ ಗೇಟಿಗೆ ಹೋದೆ. ಮೂರು ಸಲ ಹೊರಗಿಂದನ ಕಳಿಸಿದ್ರು. ನಾಕನೇ ಸಲ ಚೀಫ್ ಕೆಮಿಸ್ಟ್ ಖುದ್ದ ಬಂದು ಹಾಳಿ ನೋಡಿದ್ರು. ನಾಕು ಸಾವಿರ ಟೆಸ್ಟ್ ಖರೇ ಏನು ಅಂತ ಕೇಳಿ, ಒಳಗ ಕರ್ಕೊಂಡು ಹೋಗಿ ಮಾಡಿಸಿ ನೋಡಿದ್ರು."

ಸಿದ್ಧಾರೂಢನ ಕಣ್ಣು ತುಂಬಿತು. ಅದನ್ನು ಮುಚ್ಚಿಡಲು ಅವನು ಪ್ರಯತ್ನಿಸಲಿಲ್ಲ.

"ಮದುವಿ ಬಗ್ಗೇನೂ ಕೇಳಿದ್ರು."

"ಏನಂದ್ರಿ?"

"ಮದುವಿ ಆದ್ರೂ ಬಸ್ ಓಡಾಡ್ತಾವಲ್ರಿ ಸರ್, ಅಂದೆ." ತುಟಿಯ ಅಂಚಿನಲ್ಲಿ ನಗು ಬಂದು ಹೋಯಿತು. "ರೆಫರೆನ್ಸ್ ಕೇಳಿದ್ರು. ಸವದತ್ತಿ ಕಾಲೇಜಿನ ಸೋಮಪ್ಪ ಸರ್ ಹೆಸರು ಕೊಟ್ಟೆ. ನಿಮ್ಮದ ತಗದೇನಿ."

"ಛಲೋ ಮಾಡಿದ್ರಿ," ಎಂದ. ಅದು ತನಗೆ ಸಲ್ಲಬೇಕಾದದ್ದೇ ಎಂದುಕೊಂಡ.

"ರಾಮದುರ್ಗದಾವ್ರಿಗೆ ಅವ್ವ ಇಲ್ಲಂತ ಹೇಳಿ ಕಳಿಸಿದ್ಲು. ಈ ಹಂಗಾಮು ಮುಗಿಯೂತನಕ ನಮ್ಮನ್ಯಾಗ ಮದುವಿ ಮಾತು ಯಾರೂ ತಗಿಯಾಂಗಿಲ್ಲ." ಅವನ ಅಂಗಿಯ ಗುಂಡಿಯ ಕಡೆ ನೋಡುತ್ತ ಹೇಳಿದಳು: "ನೀವೂ ತಗಿಯಾಂಗಿಲ್ಲ. ಆಮ್ಯಾಲ ತಗೀಬೇಕನಿಸಿದ್ರ, ಮೊದಲ ನನಗ ಹೇಳ್ಬೇಕು. ಬ್ಯಾರೆ ಯಾರಿಗೂ ಅಲ್ಲ."

"ಈಗ ಒಂದ ಸಲ ಹೇಳ್ಲೇನು? ಬರೇ ಹೇಳೂದು. ಉತ್ತರ ಬ್ಯಾಡ."

ಅವಳು ಬೇಡ ಎನ್ನಲಿಲ್ಲ.

"ನನಗ ನೀವಂದ್ರ ಭಾಳ ಜೀವ ಐತ್ರಿ. ಎಲ್ಲೇ ಕೆಲಸಾ ಮಾಡ್ರಿ, ಎಷ್ಟೇ ದೂರ ಹೋಗ್ರಿ."

ಅವಳ ಮುಖ ಕಿವಿಯ ತನಕ ಕೆಂಪೇರಿತು. ಅಷ್ಟರಲ್ಲಿ ಬೈಲಹೊಂಗಲದ ಬಸ್ಸು ಬಂದು ನಿಂತಿತು. ಅವಳು ಮುಂದೆ ಹತ್ತಿ, ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತು, ಚೀಲವನ್ನು ತನ್ನ ಮಗ್ಗುಲಲ್ಲಿಟ್ಟಳು. ಅವನು ಹಿಂದಿನ ಸೀಟಿನತ್ತ ನಡೆದ.

"ರೀ," ಎಂದಳು. ಸರ್ ಎನ್ನಲಿಲ್ಲ.

ಅವನು ನಿಂತ. ಅವಳು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಕುಂದರ್ರಿ. ಊರು ಬರೂತನಕ ಏನೂ ಮಾತಾಡಬ್ಯಾಡ್ರಿ. ನಾ ಇನ್ನೂ ಸಿಟ್ಟಿನಾಗ ಅದೇನಿ."

ಅವನು ಕೂತ. ಬೈಲಹೊಂಗಲ ಬರುವ ತನಕ ಒಂದು ಮಾತೂ ಆಡಲಿಲ್ಲ.