ತೂತಿನ ಕಾಸು

"ನಡುವೆ ತೂತಿರೋ ಕಾಸು ಬಂದ್ರೆ ಇಟ್ಕೋಬೇಡಪ್ಪ. ಕೊಟ್ಟವರಿಗೇ ವಾಪಸ್ ಮಾಡಿಬಿಡು," ಎಂದು ಔಷಧಿ ಅಂಗಡಿಯ ಒಡತಿ ಮೊದಲ ದಿನವೇ ಹೇಳಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವನು ನಗು ತಡೆದುಕೊಂಡ. ಹಳೆಯ ನಾಣ್ಯ ಕೂಡಿಡುವುದು ಅವನಿಗೆ ಹುಚ್ಚು. ಗಲ್ಲಾದ ಮುಂದೆ ಕೂರಲು ಒಪ್ಪಿದ್ದೇ ಚಿಲ್ಲರೆಯಲ್ಲಿ ಅಪರೂಪದ್ದೇನಾದರೂ ಸಿಕ್ಕೀತೆಂಬ ಆಸೆಯಿಂದ.

"ಇಟ್ಕೊಂಡ್ರೆ ಏನಮ್ಮಾ, ಕಚ್ಚುತ್ತಾ?"

ಒಡತಿ ಕೈಯಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಸುಮ್ಮನೆ ತಿರುಗಿಸುತ್ತ ನಿಂತರು.

ಹನ್ನೊಂದನೆಯ ದಿನ ಅದು ಬಂತು. ಕೆಮ್ಮಿನ ಔಷಧಿ ಕೊಂಡವರು ಯಾರೋ ಸುರಿದುಹೋದ ಚಿಲ್ಲರೆಯಲ್ಲಿ, ಹೊಳೆಯುವ ನಾಣ್ಯಗಳ ನಡುವೆ, ಕರಿಗಟ್ಟಿದ ತಾಮ್ರದ ಬಿಲ್ಲೆ. ನಡುವೆ ದುಂಡನೆಯ ತೂತು. ಎಷ್ಟು ಉಜ್ಜಿದರೂ ಬೆಚ್ಚಗಾಗದ ಲೋಹ. ಮೂಗಿನ ಹತ್ತಿರ ಹಿಡಿದರೆ ಸುಟ್ಟ ಕೂದಲಿನ ವಾಸನೆ. ಅವನು ಗಲ್ಲಾಕ್ಕೆ ತನ್ನ ಜೇಬಿನ ನಾಣ್ಯವೊಂದನ್ನು ಹಾಕಿ ಅದನ್ನು ಮನೆಗೆ ಒಯ್ದ.

ಐದು ವರ್ಷದ ಮಗಳು ಕೈಚಾಚಿದಳು. ಕೊಟ್ಟ. ಅವಳು ತೂತನ್ನು ಕಿವಿಗೆ ಹಿಡಿದು ಹುಬ್ಬು ಗಂಟಿಕ್ಕಿದಳು.

"ಅಪ್ಪ, ಇದರೊಳಗೆ ಯಾರೋ ಗೊಣಗ್ತಿದಾರೆ."

ಅವನು ನಕ್ಕು ಅವಳ ತಲೆ ಸವರಿದ.

ಮರುದಿನ ಬೆಳಿಗ್ಗೆ ಎಷ್ಟು ಕೂಗಿದರೂ ಮಗಳು ಏಳಲಿಲ್ಲ. ಅಲುಗಿಸಿದಾಗ ಕಣ್ಣು ತೆರೆದಳು. ಅಡುಗೆಮನೆಯಲ್ಲಿ ಹೆಂಡತಿಯ ಕೈಜಾರಿ ತಟ್ಟೆ ಬಿತ್ತು. ಮಗು ರೆಪ್ಪೆ ಕೂಡ ಬಡಿಯಲಿಲ್ಲ. ಕಿವಿಯಲ್ಲಿ ಯಾವ ದೋಷವೂ ಇಲ್ಲವೆಂದರು ಡಾಕ್ಟರು. ಅವಳ ಬಿಗಿದ ಮುಷ್ಟಿ ಬಿಡಿಸಿ ಅವನು ಕಾಸನ್ನು ಕಿತ್ತು ಚರಂಡಿಗೆ ಎಸೆದ. ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಅವಳ ಮುಷ್ಟಿಯಲ್ಲಿತ್ತು.

ಅಂಗಡಿಗೆ ಓಡಿದ. ವಿಷಯ ಕೇಳಿ ಒಡತಿಯ ಮುಖ ಬಿಳುಚಿಕೊಂಡಿತು.

"ನಮ್ಮತ್ತೆ ಮಾಡಿಸಿದ ಮಾಟ ಅದು," ಎಂದರು, ಉಸಿರಿನಷ್ಟೇ ಮೆಲ್ಲಗೆ. "ನಮ್ಮನೆಯವರಿಗೆ ಕಿವಿ ಹೋಗಿತ್ತು. ಆ ಕಿವುಡನ್ನ ಕಾಸಿಗೆ ಇಳಿಸಿ, ಇದೇ ಗಲ್ಲಾದಿಂದ ಚಿಲ್ಲರೆ ಅಂತ ಯಾರಿಗೋ ದಾಟಿಸಿಬಿಟ್ರು. ಅವತ್ತಿಂದ ಸುತ್ತುತ್ತಾ ಇದೆ. ರಾತ್ರಿ ಯಾರ ಕೈಯಲ್ಲಿ ಉಳಿಯುತ್ತೋ ಅವರನ್ನ ಹಿಡಿಯುತ್ತೆ."

"ನನ್ನ ಮಗಳನ್ನ ಬಿಡಿಸೋದು ಹೇಗಮ್ಮಾ?"

"ಕಿತ್ಕೊಂಡ್ರೆ ಬಿಡಲ್ಲ. ಮಗೂನೇ ತಾನಾಗಿ ಇನ್ನೊಬ್ಬರ ಕೈಗೆ ಕೊಡಬೇಕು. ತಗೊಂಡವರಿಗೆ..." ಅವರು ತಮ್ಮ ಕಿವಿ ಮುಟ್ಟಿ ತೋರಿಸಿದರು.

ಮನೆಗೆ ಬಂದಾಗ ಮುಸ್ಸಂಜೆ. ಕೋಣೆಯ ತುಂಬ ಸುಟ್ಟ ಕೂದಲಿನ ನಾತ. ಮೂಲೆಯ ಕತ್ತಲಲ್ಲಿ ಮಗಳು ಕೂತಿದ್ದಳು. ಯಾರದೋ ಮಾತಿಗೆ ತಾಳ ಹಾಕುವಂತೆ ಅವಳ ತುಟಿಗಳು ಪಿಟಿಪಿಟಿ ಅಲುಗುತ್ತಿದ್ದವು. ಬಾಗಿಲಲ್ಲಿ ನಿಂತ ಹೆಂಡತಿ ಸೆರಗು ಕಚ್ಚಿ ಬಿಕ್ಕುತ್ತಿದ್ದಳು. ಅವನು ಮಗಳ ಆಟದ ಸಾಮಾನನ್ನೆಲ್ಲ ಅವಳ ಮುಂದೆ ಹರಡಿ ಅಂಗಡಿ ಹೂಡಿದ. ಬೊಂಬೆಯೊಂದನ್ನು ಎತ್ತಿಕೊಂಡ. ಅವಳ ಎಡಗೈಗೆ ದೊಡ್ಡ ನೋಟೊಂದನ್ನಿಟ್ಟ. ಚಿಲ್ಲರೆಗೆಂದು ಅಂಗೈ ಚಾಚಿದ.

ಅವಳು ನೋಡಿದಳು. ಅಲುಗಲಿಲ್ಲ. ಅವನು ನಗಲು ಯತ್ನಿಸಿದ. ಅಂಗೈಯನ್ನು ಮತ್ತೆ ಚಾಚಿದ. ಅವಳ ತುಟಿ ನಿಂತಿತು. ಮುಷ್ಟಿ ಸಡಿಲಿತು. ಒಂದು ಬೆರಳು. ಇನ್ನೊಂದು. ತಣ್ಣನೆಯದು ಅವನ ಅಂಗೈಗೆ ಬಿತ್ತು.

ಚಳಿ ಮೊಣಕೈಗೆ ಏರಿತು. ಭುಜಕ್ಕೆ. ಕತ್ತಿಗೆ. ತಲೆಯ ಮೇಲಿನ ಫ್ಯಾನಿನ ಗರಗರ ನಿಂತಿತು. ರೆಕ್ಕೆಗಳು ತಿರುಗುತ್ತಲೇ ಇದ್ದವು. ಹೆಂಡತಿಯ ಬಿಕ್ಕಳಿಕೆ ಸತ್ತಿತು. ಅವಳ ಬಾಯಿ ಏನೋ ಕೂಗಿತು. ಮಗಳು ಥಟ್ಟನೆ ಅಮ್ಮನತ್ತ ತಿರುಗಿದಳು. ಅವಳಿಗೆ ಕೇಳಿಸಿತ್ತು. ಆಮೇಲೆ ಅವನ ಕಡೆ ನೋಡಿ "ಅಪ್ಪ" ಎಂದಳು. ಅವಳ ತುಟಿ ಅಲುಗಿದ್ದಷ್ಟೇ ಅವನಿಗೆ ಕಂಡಿತು.

ಆ ಮೌನದ ತಳದಿಂದ ಗೊಣಗಾಟ ಎದ್ದಿತು. ಮುದುಕಿಯ ದನಿ. "ಕೊಟ್ಟುಬಿಡು. ಕೊಟ್ಟುಬಿಡು."

ಮೂರನೆಯ ದಿನ ಅವನು ಗಲ್ಲಾದ ಮುಂದೆ ಕೂತ. ಒಡತಿ ಅವನತ್ತ ಕಣ್ಣೆತ್ತಲಿಲ್ಲ. ಹೆಗಲ ಮೇಲೆ ಕೂಸು ಹಾಕಿಕೊಂಡಿದ್ದ ಹೆಂಗಸೊಬ್ಬಳು ಔಷಧಿ ಕೊಂಡು ಚಿಲ್ಲರೆಗೆ ಕೈಚಾಚಿದಳು. ತಲೆಯೊಳಗಿನ ದನಿ ಕಿರುಚಿತು. ಅವನ ಕೈ ಜೇಬಿಗಿಳಿದು ಕಾಸನ್ನು ಹಿಡಿಯಿತು. ಕೂಸು ಅವನನ್ನೇ ನೋಡುತ್ತಿತ್ತು.

ಹಿಡಿದ ಮುಷ್ಟಿಯನ್ನು ಜೇಬಿನಲ್ಲೇ ಬಿಗಿದು, ಎಡಗೈಯಿಂದ ಗಲ್ಲಾದ ನಾಣ್ಯಗಳನ್ನು ಎಣಿಸಿಕೊಟ್ಟ. ಅವಳು ಏನೋ ಅಂದು ಹೊರಟುಹೋದಳು.

ಅವಳ ಹಿಂದೆ ಇನ್ನೂ ಆರು ಜನ ಸಾಲಿನಲ್ಲಿ ನಿಂತಿದ್ದರು.