ಎಡಕ್ಕೇ ಬೀಳುವ ಹೂವು

“ವೀರಭದ್ರ ಬ್ಯಾಡ ಅಂದಾನ್ರಿ.”

ನೀಲಾಂಬಿಕಾ ಇಷ್ಟು ಹೇಳುವ ಹೊತ್ತಿಗೆ ಕೆನಡಾದ ಬ್ರ್ಯಾಂಪ್ಟನ್ನಿನ ಸಿಟಿ ಬಸ್ಸು ಕೆಂಪು ಸಿಗ್ನಲ್ಲಿನಲ್ಲಿ ನಿಂತಿತ್ತು. ಸ್ಟಿಯರಿಂಗ್ ಹಿಡಿದಿದ್ದ ಬಸವೇಶ ಕನ್ನಡಿಯಲ್ಲಿ ಅವಳನ್ನೇ ನೋಡಿದ. ಹಸಿರು ಬಿದ್ದರೂ ಬಸ್ಸು ಕದಲಲಿಲ್ಲ. ಹಿಂದಿನವನು ಹಾರ್ನ್ ಹೊಡೆದ ಮೇಲೆ, “ಆತು ಬಿಡ್ರಿ, ದೇವರ ಮುಂದ ನಂದೇನು ನಡೀತೈತಿ” ಎಂದು ಗೇರು ಹಾಕಿದ.

ಅವರಿಬ್ಬರ ಪರಿಚಯ ಇದೇ ಬಸ್ಸಿನ ಮೆಟ್ಟಿಲ ಮೇಲೆ ಆದದ್ದು. ಒಂದು ಚಳಿಗಾಲ ಅವಳು ಹಿಮದ ಬೂಟಿನಲ್ಲಿ ಜಾರಿ “ಅಯ್ಯ ಶಿವನ” ಎಂದಳು. ಡ್ರೈವರು “ಸಾವಕಾಶ್ರೀ” ಎಂದ. ಧಾರವಾಡದವಳಿಗೆ ಬೈಲಹೊಂಗಲದವನ ಆ ಒಂದು ಮಾತು ಸಾಕಾಗಿತ್ತು. ಅಂದಿನಿಂದ ಅವಳು ಮುಂದಿನ ಸೀಟು ಬಿಟ್ಟು ಬೇರೆಲ್ಲೂ ಕೂತವಳಲ್ಲ. ಅವನೂ ಅವಳು ಸ್ಟಾಪಿಗೆ ಓಡಿಬರುವುದು ಕಂಡರೆ ಬಾಗಿಲು ಮುಚ್ಚಿದವನಲ್ಲ.

ಹೋದ ವಾರ ಅವನು ಮನಸ್ಸು ಬಿಚ್ಚಿದ್ದ. ಕ್ಯಾಲ್ಗರಿಯಲ್ಲಿ ಟ್ರಕ್ಕುಗಳನ್ನಿಟ್ಟಿದ್ದ ಅಕ್ಕನ ಗಂಡ ಕೆಲಸಕ್ಕೆ ಕರೆಯುತ್ತಿದ್ದ. ನೀವು ಮದುವೆಗೆ ಹೂಂ ಅಂದರೆ ಇಲ್ಲೇ ಇರುತ್ತೇನೆ, ಇಲ್ಲವಾದರೆ ದಿನಾ ಕನ್ನಡಿಯಲ್ಲಿ ನಿಮ್ಮನ್ನು ನೋಡುತ್ತ ಬಸ್ಸು ಹೊಡೆಯುವುದು ನನ್ನಿಂದಾಗದು ಎಂದಿದ್ದ. ಈಗ ಅವಳ ಉತ್ತರ ಕೇಳಿ ಭಾನುವಾರದ ವಿಮಾನಕ್ಕೆ ಟಿಕೆಟ್ ತೆಗೆಸಿದ.

ಅವಳಿಗೆ ಅವನೆಂದರೆ ಪ್ರಾಣ. ಆದರೆ ಅವಳು ವಾಸವಿದ್ದ ಚಿಗವ್ವ ಗುರುಬಸವ್ವನ ಮನೆಯಲ್ಲಿ ವೀರಭದ್ರನನ್ನು ಕೇಳದೆ ಒಂದು ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಧಾರವಾಡದಿಂದ ಪರ್ಸಿನಲ್ಲಿ ಬಂದ ಬೆಳ್ಳಿಯ ಪುಟ್ಟ ಮೂರ್ತಿ ಅದು. ನೆತ್ತಿಯ ಮೇಲೆ ಕುಂಡದ ಮಲ್ಲಿಗೆಯೊಂದನ್ನು ಇಟ್ಟು ಕೇಳಬೇಕು. ಹೂವು ದೇವರ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಈ ಮನೆಗೆ ಬಂದಾಗಿನಿಂದ ಅದು ಎಡಕ್ಕೇ ಬೀಳುತ್ತಿತ್ತು. ಸೋಫಾ ಕೊಳ್ಳಲೇ ಎಂದರೆ ಬೇಡ, ನಯಾಗರಾ ನೋಡಲೇ ಎಂದರೂ ಬೇಡ. ಪಾಪ, ಚಿಗವ್ವ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತು ಟಿವಿ ನೋಡುತ್ತಿದ್ದಳು.

ನೀಲಾ ಚಿಗವ್ವನಿಗೂ ಹೇಳದೆ ಇನ್ನೊಂದು ಪ್ರಶ್ನೆ ಕೇಳಿದ್ದಳು. ಊರಲ್ಲಿ ಟೀಚರಾಗಿದ್ದವಳು ಇಲ್ಲಿ ನರ್ಸಿಂಗ್ ಹೋಮಿನಲ್ಲಿ ಮುದುಕರ ಬಾಯಿ ಒರೆಸುತ್ತೇನೆ. ನನ್ನನ್ನು ಇಲ್ಲಿಗೆ ಕರೆತಂದದ್ದಕ್ಕೆ ಏನಾದರೂ ಅರ್ಥವಿದೆಯೇ? ಹೂವು ಎಡಕ್ಕೇ ಬಿತ್ತು. ಅವತ್ತು ಅವಳು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಬಸವೇಶ ಹೊರಡಬೇಕಿದ್ದ ವಾರ, ಆಗಸ್ಟಿನ ಗುರುವಾರ ಮಧ್ಯಾಹ್ನ, ಇಡೀ ಊರಿನ ಕರೆಂಟು ಹೋಯಿತು. ಅದು ಎರಡು ಸಾವಿರದ ಮೂರನೇ ಇಸವಿ. ನರ್ಸಿಂಗ್ ಹೋಮಿನ ಲಿಫ್ಟು ನಿಂತಿತು, ಅಡುಗೆ ಕೆಳಗೇ ಉಳಿಯಿತು. ಮೇಲಿನ ಮಹಡಿಯ ಮಿಸೆಸ್ ಡೊನಾಲ್ಡ್‌ಸನ್ ಹೆದರಿ, ನೀಲಾ ಬರುವ ತನಕ ಹನಿ ನೀರೂ ಕುಡಿಯಲಿಲ್ಲ. ಬಂದ ಮೇಲೆ ಅವಳ ಬೆರಳು ಹಿಡಿದುಕೊಂಡೇ ನಿದ್ದೆಹೋದಳು. ಆ ಬೆರಳು ಬಿಡಿಸಿಕೊಳ್ಳಲು ನೀಲಾಗೆ ಮನಸ್ಸೇ ಬರಲಿಲ್ಲ. ಅರ್ಥ ಎಂದು ಹುಡುಕಿದ್ದು ಇದನ್ನೇ ಏನೋ ಎನ್ನಿಸಿತು.

ಆಗ ಬಾಗಿಲಲ್ಲಿ ಬಸವೇಶ ಕಂಡ. ಎರಡೂ ಕೈಯಲ್ಲಿ ಊಟದ ಟ್ರೇ, ಬೆವರಿನಲ್ಲಿ ತೊಯ್ದ ಯೂನಿಫಾರ್ಮು. ಶಿಫ್ಟು ಮುಗಿಸಿ ನೇರ ಇಲ್ಲಿಗೇ ಬಂದಿದ್ದ. ಯಾರು ಕರೆದರು ಎಂದು ಅವಳು ಕಣ್ಣಲ್ಲೇ ಕೇಳಿದಳು. ಲಿಫ್ಟಿಲ್ಲದೆ ನೀವು ಎಷ್ಟಂತ ಹತ್ತಿ ಇಳೀತೀರಿ ಎಂದು ಗೊಣಗಿ ಅವನು ಮತ್ತೆ ಮೆಟ್ಟಿಲಿಳಿದ. ಸಂಜೆಯವರೆಗೂ ಇಬ್ಬರೂ ಟ್ರೇ ಹೊತ್ತರು. ಮದುವೆಯ ಮಾತು, ಭಾನುವಾರದ ಮಾತು ಅವನು ಎತ್ತಲೇ ಇಲ್ಲ.

ಸಿಗ್ನಲ್ಲಿಲ್ಲದ ರಸ್ತೆಗಳಲ್ಲಿ ನಡೆದು ಅವಳನ್ನು ಮನೆ ಮುಟ್ಟಿಸಿದಾಗ ಮುಚ್ಚಂಜೆ. ಉಂಡು ಹೋಗು ಎಂದು ಚಿಗವ್ವ ಅವನನ್ನು ಬಿಡಲಿಲ್ಲ. ಊಟಕ್ಕೆ ಬೆಳಕು ಬೇಕೆಂದು ದೇವರ ಎಡಕ್ಕಿದ್ದ ದೀಪವನ್ನು ನೀಲಾ ಬಲಕ್ಕೆ ಸರಿಸಿದಳು.

“ಅಲ್ಲಿ ಇಡಬ್ಯಾಡಲೇ, ಆ ಕಡೆ ದೀಪ ನಿಂದ್ರೂದಿಲ್ಲ,” ಎಂದ ಚಿಗವ್ವ ಮಾತು ಅಲ್ಲಿಗೇ ನಿಲ್ಲಿಸಿದಳು. ದೀಪ ಅಲುಗದೆ ನಿಂತಿತ್ತು.

ನೀಲಾ ಬಗ್ಗಿ ನೋಡಿದಳು. ದೇವರ ಬಲಕ್ಕೆ, ನೆಲದಲ್ಲಿ, ಎಸಿಯ ಗಾಳಿ ಬರುವ ಜಾಲರಿ. ಬೇಸಿಗೆಯಲ್ಲಿ ತಣ್ಣನೆ ಗಾಳಿ, ಚಳಿಗಾಲದಲ್ಲಿ ಬಿಸಿ. ಕರೆಂಟಿಲ್ಲದ ಇವತ್ತು ಅದು ಉಸಿರಾಡುತ್ತಿರಲಿಲ್ಲ.

“ಚಿಗವ್ವ, ಹೂವು ಬೀಳಿಸಿದ್ದು ವೀರಭದ್ರ ಅಲ್ಲ. ಈ ಜಾಲರಿ.”

ಗುರುಬಸವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಮೊದಲು ಅವಳಿಗೆ ನೆನಪಾದದ್ದು ಸೋಫಾ. ಆಮೇಲೆ ಬಸವೇಶನ ಮುಖ ನೋಡಿ ಗಡಬಡಿಸಿ ಎದ್ದು, ಮಲ್ಲಿಗೆಯೊಂದನ್ನು ದೇವರ ನೆತ್ತಿಗಿಟ್ಟಳು. ಈಗ ಗಾಳಿಯಿಲ್ಲ, ಈಗ ಕೇಳೋಣ ಎಂದು ಕೈಮುಗಿದಳು. ಮೂವರೂ ನೋಡಿದರು. ಹೂವು ಅತ್ತಲೂ ಬೀಳಲಿಲ್ಲ, ಇತ್ತಲೂ ಬೀಳಲಿಲ್ಲ.

ನೀಲಾಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ದೇವರು ತನಗೆ ಬೇಡ ಎಂದಿರಲೇ ಇಲ್ಲ. ಆ ಪ್ರಶ್ನೆಗೂ ಇಲ್ಲ, ಈ ಪ್ರಶ್ನೆಗೂ ಇಲ್ಲ.

“ಭಾನುವಾರದ ಟಿಕೆಟ್ ಕ್ಯಾನ್ಸಲ್ ಮಾಡ್ರಿ,” ಎಂದಳು.

ಬಸವೇಶ ಬಾಯಿಗಿಟ್ಟ ತುತ್ತು ನುಂಗಲು ಮರೆತ. “ಹೂವು ಇನ್ನೂ ಬಿದ್ದಿಲ್ಲಲ್ರಿ?”

“ದೇವರು ಹೇಳೂದನ್ನ ಇವತ್ತ ಮಧ್ಯಾಹ್ನನ ಹೇಳ್ಯಾನ್ರಿ. ಎರಡೂ ಕೈಯಾಗ ಟ್ರೇ ಕೊಟ್ಟು ನಿಮ್ಮನ್ನ ಮ್ಯಾಲೆ ಕಳಿಸಿದ್ದ.”

ಅವನು ತಲೆ ತಗ್ಗಿಸಿ ನಕ್ಕ. ಕನ್ನಡಿಯಲ್ಲಲ್ಲದೆ ಎದುರಿಗೇ ಆ ನಗು ಕಂಡು ಅವಳ ಕೆನ್ನೆ ಬಿಸಿಯಾಯಿತು. ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಬರೀ ರೊಟ್ಟಿ ಉಣ್ಣಿಸಿ ಕಳಿಸುವುದು ಹೇಗೆಂದು ಕತ್ತಲಲ್ಲೇ ಸಕ್ಕರೆ ಡಬ್ಬಿ ತಡಕಿದಳು.

ಮರುದಿನ ಬೆಳಿಗ್ಗೆ ನೀಲಾ ತಲೆ ಬಾಚಿಕೊಳ್ಳುತ್ತಿದ್ದಾಗ ಕರೆಂಟು ಬಂತು. ಬೇಸ್‌ಮೆಂಟಿನಲ್ಲಿ ಮೋಟರು ಗುಂಯ್‌ಗುಟ್ಟಿತು, ಜಾಲರಿ ಉಸಿರಾಡಿತು. ವೀರಭದ್ರನ ನೆತ್ತಿಯ ಮಲ್ಲಿಗೆ ಎಂದಿನಂತೆ ಎಡಕ್ಕೆ ಬಿತ್ತು.

ಅವಳು ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ಮುಡಿದಳು. ಬಸ್ಸಿಗೆ ಹೊತ್ತಾಗಿತ್ತು, ಆದರೂ ಓಡದೆ ಸಾವಕಾಶ ನಡೆದಳು.